ಚುಕ್ಕಿ ತೆಗೆದ ಮೇಲೆ ಸರಿಯಾದ ಮಳೆ ಲೆಕ್ಕ

ಕೊಡಗಿನ ಕಾಫಿ ಬೆಳೆಗಾರರು ಮಳೆಯನ್ನು ಇಂಚು, ಸೆಂಟುಗಳಲ್ಲಿ ಹೇಳುತ್ತಾರೆ. ಇಂಚಿನ ನೂರನೇ ಒಂದು ಭಾಗವೇ ಸೆಂಟು. (ಜಾಗದ ಸೆಂಟು ಬೇರೆ, ಅದು ಎಕರೆಯ ನೂರನೇ ಒಂದು ಭಾಗ.) ಹವಾಮಾನ ಇಲಾಖೆಯದು ಮಿಲಿಮೀಟರ್ ಲೆಕ್ಕ. ಎರಡನ್ನೂ ತಾಳೆ ನೋಡಲು ಮೊಬೈಲಿನಲ್ಲಿ ತೆರೆಯುವ ಪುಟ್ಟ ಪರಿವರ್ತಕವೊಂದನ್ನು ವೆಬ್ ಪುಟವಾಗಿ ಬರೆದೆ. 25.4ರಿಂದ ಗುಣಿಸಿದರೆ ಮುಗಿಯಿತು, ಅರ್ಧ ಗಂಟೆಯ ಕೆಲಸ ಎಂದುಕೊಂಡಿದ್ದೆ.

ಮಳೆಮಾಪಕ ನೋಡಿ ಬಂದ ಪಕ್ಕದ ತೋಟದ ಮಾವನಿಗೆ ಫೋನ್ ಕೊಟ್ಟೆ. "ಒಂದು ಇಂಚು ಐದು ಸೆಂಟು" ಎನ್ನುತ್ತಾ ಅವರು 1.5 ಒತ್ತಿದರು. 38.1 ಮಿ.ಮೀ. ಎಂದು ಬಂತು. ಬರಬೇಕಾದದ್ದು 26.67. ಕಾಫಿ ಹೂ ಅರಳಿಸುವ ಹೂಮಳೆ ಸಾಲದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕಾದ ದಿನಗಳವು. 45 ಸೆಂಟಿನ ತಪ್ಪು ಸಣ್ಣದಲ್ಲ.

"ಮಾವ, 1.05 ಎಂದು ಒತ್ತಬೇಕಿತ್ತು" ಎಂದೆ.

"ನಾನು ಐದು ಎಂದೆ. ಸೊನ್ನೆ ಎಲ್ಲಿಂದ ತಂದೆ?"

ವರ್ಷಗಟ್ಟಲೆ ಡೈರಿಯಲ್ಲಿ ಮಳೆ ಬರೆದವರಿಗೆ ದಶಮಾಂಶದ ಪಾಠ ಹೇಳಲು ಹೊರಟಿದ್ದೆ! ಅವರ ಮಾತಿನಲ್ಲಿ ಚುಕ್ಕಿಯೇ ಇಲ್ಲದಿರುವಾಗ ಅದನ್ನು ಅವರಿಂದ ಬರೆಸಿದ್ದು ನನ್ನ ತಪ್ಪು.

ಚುಕ್ಕಿಯನ್ನೇ ತೆಗೆದೆ. ಇಂಚಿಗೊಂದು ಚೌಕ, ಸೆಂಟಿಗೊಂದು ಚೌಕ. ಎರಡಕ್ಕೂ ಇನ್‌ಪುಟ್‌ಮೋಡ್ (ಯಾವ ಕೀಲಿಮಣೆ ಬೇಕೆಂದು ಫೋನಿಗೆ ಹೇಳುವ ಸೂಚನೆ) 'ನ್ಯೂಮೆರಿಕ್' ಕೊಟ್ಟಿದ್ದರಿಂದ ದೊಡ್ಡ ಅಂಕಿಗಳ ಕೀಲಿಮಣೆ ತಾನಾಗಿ ತೆರೆಯುತ್ತದೆ, ಒದ್ದೆ ಹೆಬ್ಬೆರಳಿಗೂ ಸಿಗುತ್ತದೆ. ಮೊದಲು ಚೌಕದ ಟೈಪ್, ಅಂದರೆ ಅದರಲ್ಲಿ ಏನು ಬರೆಯಬಹುದೆಂಬ ಸೂಚನೆ, 'ನಂಬರ್' ಇಟ್ಟಿದ್ದೆ. ಒಬ್ಬರು ಕನ್ನಡ ಅಂಕಿಯಲ್ಲಿ ೨೦ ಎಂದು ಬರೆದಾಗ ಚೌಕ ಖಾಲಿಯಿದೆ ಎಂದೇ ಅದು ವಾದಿಸಿತು. ಟೈಪ್ 'ಟೆಕ್ಸ್ಟ್' ಮಾಡಿ, ೦ಯಿಂದ ೯ರವರೆಗಿನ ಅಂಕಿಗಳನ್ನು ನಾನೇ ಬದಲಿಸಿಕೊಂಡೆ. ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಐಫೋನ್‌ನಲ್ಲಿ ಚೌಕ ಮುಟ್ಟಿದೊಡನೆ ಪುಟವೇ ಹಿಗ್ಗುತ್ತದೆ, ಅದನ್ನೂ ಸರಿಪಡಿಸಿದೆ. 'ಪರಿವರ್ತಿಸಿ' ಗುಂಡಿ ಬೇಡವಾಯಿತು, ಒತ್ತುತ್ತಿದ್ದಂತೆಯೇ ಉತ್ತರ ಕಾಣುತ್ತದೆ.

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಇಂಚಿನ ಚೌಕದಲ್ಲಿ ಒಂದು ಅಂಕಿ ಬಿದ್ದ ಕೂಡಲೇ ಸೆಂಟಿನ ಚೌಕಕ್ಕೆ ಜಿಗಿಯುವಂತೆ ಮಾಡಿದೆ. ಜೋರು ಮಳೆಗಾಲದಲ್ಲಿ ಭಾಗಮಂಡಲ ಕಡೆಯ ಗೆಳೆಯರೊಬ್ಬರು 12 ಇಂಚು ಬರೆಯಲು ಹೋದರೆ ಒಂದು ಇಂಚು ಎರಡು ಸೆಂಟು ಆಯಿತು. ಆ ಜಾಣತನವನ್ನು ಅಂದೇ ಅಳಿಸಿದೆ.

ಮಾವ ಈಗ ಇಂಚಿನ ಚೌಕವನ್ನು ಮುಟ್ಟುವುದೇ ಇಲ್ಲ. ಸೆಂಟಿನ ಚೌಕದಲ್ಲಿ ನೇರವಾಗಿ 105 ಒತ್ತುತ್ತಾರೆ. ಅದಕ್ಕೂ 26.67 ಎಂದೇ ಬರುವಂತೆ ಮಾಡಿಟ್ಟಿದ್ದೇನೆ.