ರಾಮಾಮಾತ್ಯನನ್ನು ಓದುವ ಗೋಷ್ಠಿಗೆ ವೀಣೆ ಶ್ರುತಿ ಮಾಡುವುದು ಹೇಗೆ

ಬೆಂಗಳೂರಿನಲ್ಲಿ ಸಂಗೀತಶಾಸ್ತ್ರದ ಚರಿತ್ರೆಯ ಮೇಲೆ ಗೋಷ್ಠಿ ನಡೆಸುವಾಗ ನಾನು ದಿನಕ್ಕೆ ಒಂದೇ ಗ್ರಂಥ, ಅದರಲ್ಲೂ ಒಂದೇ ಪ್ರಕರಣ ಇಟ್ಟುಕೊಳ್ಳುತ್ತೇನೆ. ‘ಭರತನಿಂದ ಇಂದಿನವರೆಗೆ’ ಎಂದು ವಿಷಯ ಕೊಟ್ಟರೆ ಪ್ರಬಂಧಕಾರರೆಲ್ಲ ಪೀಠಿಕೆಯಲ್ಲೇ ಹೊತ್ತು ಮುಗಿಸುತ್ತಾರೆ. ಮೊದಲ ಗೋಷ್ಠಿಗೆ ವಿಜಯನಗರದ ರಾಮಾಮಾತ್ಯ 1550ರಲ್ಲಿ ಬರೆದ ‘ಸ್ವರಮೇಳಕಲಾನಿಧಿ’ಯ ವೀಣಾಪ್ರಕರಣ ಬಹಳ ಒಳ್ಳೆಯದು, ಹೇಳಿದ್ದನ್ನೆಲ್ಲ ವೀಣೆಯ ಮೆಟ್ಟಿಲ (ತಂತಿಯ ಕೆಳಗಿನ ಅಡ್ಡಪಟ್ಟಿಯ) ಮೇಲೆ ಬೆರಳಿಟ್ಟು ನೋಡಬಹುದು.

ದಿನ ಗೊತ್ತು ಮಾಡುವಾಗ ಡಿಸೆಂಬರ್ ಬೇಡ, ವಿದ್ವಾಂಸರು ಸಂಗೀತೋತ್ಸವಕ್ಕೆಂದು ಚೆನ್ನೈನಲ್ಲಿರುತ್ತಾರೆ. ರಾಮನವಮಿ ಕಛೇರಿಗಳ ಕಾಲವೂ ಬೇಡ. ಜೂನ್, ಜುಲೈನ ಭಾನುವಾರ ಅನುಕೂಲ.

ರಾಮಾಮಾತ್ಯ ವಿವರಿಸುವ ಅಂದಿನ ಶುದ್ಧಮೇಳವೀಣೆಯ ನಾಲ್ಕು ಮುಖ್ಯ ತಂತಿಗಳು ಕೆಳಗಿನ ಶ್ರುತಿಯಿಂದ ಮೇಲಕ್ಕೆ ಸ, ಪ, ಸ, ಮ. ಇಂದಿನ ಸರಸ್ವತಿ ವೀಣೆಯಲ್ಲಿ ಅವು ಪ, ಸ, ಪ, ಸ. ಹಳೆಯ ಕ್ರಮಕ್ಕೆ ಹೊಂದಿಸಲು ಬೇರೆ ವೀಣೆ ಬೇಕಿಲ್ಲ. ಸಾರಣಿ ತಂತಿಯನ್ನು (ಎಲ್ಲಕ್ಕಿಂತ ಮೇಲಿನ ಶ್ರುತಿಯದು, ಎಣಿಕೆ ಇಲ್ಲಿಂದಲೇ) ಇದ್ದಲ್ಲೇ ಬಿಟ್ಟು ‘ಮ’ ಎಂದು ಎಣಿಸಿ. ಎರಡನೆಯದು ತಾನಾಗಿ ‘ಸ’ ಆಗುತ್ತದೆ. ಮೂರನೆಯದನ್ನು ಮಾತ್ರ ಎರಡು ಮೆಟ್ಟಿಲಷ್ಟು ಏರಿಸಿದರೆ ಅದು ‘ಪ’. ನಾಲ್ಕನೆಯದು ಮುಟ್ಟದೆಯೇ ‘ಸ’. ಆದರೆ ಇಷ್ಟು ಏರಿಸಿದಾಗ ಆ ತಂತಿಯ ಬಿಗಿತ ಸುಮಾರು ಕಾಲುಭಾಗ ಹೆಚ್ಚುತ್ತದೆ, ಹಳೆಯ ತಂತಿ ಹರಿಯಬಹುದು. ಹಾಗಾಗಿ ಮೊದಲು ಇಡೀ ವೀಣೆಯ ಶ್ರುತಿಯನ್ನೇ ಒಂದು ಮೆಟ್ಟಿಲು ಇಳಿಸಿಕೊಳ್ಳಿ. ಶ್ರುತಿಪೆಟ್ಟಿಗೆಯನ್ನು ಹೀಗೆ ಇಳಿಸಿದ ವೀಣೆಯ ಹಳೆಯ ಪಂಚಮಕ್ಕೆ ಇಡಿ, ಈಗ ‘ಸ’ ಅದೇ. ಇದನ್ನು ಮರೆತರೆ ಸಭೆಯ ಕಿವಿ ಹಳೆಯ ಷಡ್ಜಕ್ಕೇ ಅಂಟಿಕೊಂಡು ಮುಂದಿನದೆಲ್ಲ ಅಪಸ್ವರವಾಗಿ ಕೇಳುತ್ತದೆ.

ಈಗ ‘ಸ’ ತಂತಿಯ ಆರು ಮೆಟ್ಟಿಲುಗಳಲ್ಲಿ ಶುದ್ಧ ರಿಷಭ, ಶುದ್ಧ ಗಾಂಧಾರ, ಸಾಧಾರಣ ಗಾಂಧಾರ, ಚ್ಯುತಮಧ್ಯಮ ಗಾಂಧಾರ, ಶುದ್ಧ ಮಧ್ಯಮ, ಚ್ಯುತಪಂಚಮ ಮಧ್ಯಮ ಸಾಲಾಗಿ ಸಿಗುತ್ತವೆ. ಎರಡನೇ ಮೆಟ್ಟಿಲು ನುಡಿಸಿದ ಕೂಡಲೇ ‘ಇದು ಚತುಶ್ರುತಿ ರಿಷಭ ಅಲ್ಲವೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹೌದು, ಅಂದಿನ ಶುದ್ಧ ಗಾಂಧಾರದ ಸ್ಥಾನ ಅದೇ. ಅಂದಿನ ಮತ್ತು ಇಂದಿನ ಸ್ವರನಾಮಗಳನ್ನು ಎದುರುಬದುರು ಬರೆದ ಒಂದು ಪುಟವನ್ನು ಬಾಗಿಲಲ್ಲೇ ಎಲ್ಲರ ಕೈಗೂ ಕೊಡಬೇಕು. ಅದರ ಹಿಂಬದಿಯಲ್ಲಿ ಶ್ಲೋಕ, ಅನ್ವಯ, ಪಾಠಾಂತರ. ರಾಗನಾಮಗಳಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು: ಅಂದಿನ ಮುಖಾರಿ ಶುದ್ಧಸ್ವರಗಳ ಮೇಳ (ರಾಗಗಳಿಗೆ ಆಧಾರವಾದ ಸ್ವರಗಳ ಗುಂಪು), ಇಂದಿನ ಕನಕಾಂಗಿಯ ಸ್ವರಗಳದು. ಮೊದಲೇ ಹೇಳದಿದ್ದರೆ ಗಾಯಕರು ಖರಹರಪ್ರಿಯ ಮೇಳದಿಂದ ಹುಟ್ಟಿದ ಇಂದಿನ ಮುಖಾರಿಯನ್ನು ಎತ್ತಿಕೊಳ್ಳುತ್ತಾರೆ.

ಒಂದು ಪ್ರಬಂಧಕ್ಕೆ 20 ನಿಮಿಷ ಓದು, 10 ನಿಮಿಷ ವಾದನ, 15 ನಿಮಿಷ ಪ್ರಶ್ನೆ. ಆಲಾಪನೆ ಬೆಳೆಯಲು ಬಿಟ್ಟರೆ ಸಭೆ ಕಛೇರಿಯಾಗುತ್ತದೆ. ಮೆಟ್ಟಿಲುಗಳ ಮೇಲೆ ಒಂದು ಕ್ಯಾಮೆರಾ ಇಟ್ಟು ಪರದೆಗೆ ಹಾಕಿ. ಮೂರನೇ ಸಾಲಿನಾಚೆ ಬೆರಳು ಯಾವ ಮೆಟ್ಟಿಲಲ್ಲಿದೆ ಎಂಬುದು ಕಾಣುವುದಿಲ್ಲ. ಎ.ಸಿ. ಸಭಾಂಗಣವಾದರೆ ವೀಣೆ ಒಂದು ಗಂಟೆ ಮೊದಲೇ ಒಳಗಿರಲಿ.

ಊಟದ ನಂತರದ ಹೊತ್ತನ್ನು ಅಂತರ ಗಾಂಧಾರ, ಕಾಕಲಿ ನಿಷಾದಗಳಿಗೇ ಮೀಸಲಿಡುತ್ತೇನೆ. ರಾಮಾಮಾತ್ಯ ಇವಕ್ಕೆ ಬೇರೆ ಮೆಟ್ಟಿಲು ಕೊಡದೆ, ಹತ್ತಿರದ ಚ್ಯುತಸ್ವರಗಳೇ (ಚ್ಯುತಮಧ್ಯಮ ಗಾಂಧಾರದಂತೆ ಹೆಸರಲ್ಲಿ ‘ಚ್ಯುತ’ ಇರುವವೇ) ಪ್ರತಿನಿಧಿ ಎನ್ನುತ್ತಾನೆ; ಆ ಲೆಕ್ಕದಲ್ಲಿ ಅವನ 20 ಮೇಳಗಳು 15ಕ್ಕೆ ಇಳಿಯುತ್ತವೆ. ಲಕ್ಷಣ (ಶಾಸ್ತ್ರ) ಬಲ್ಲ ಸಂಸ್ಕೃತ ಪಂಡಿತರೂ ಲಕ್ಷ್ಯ (ಪ್ರಯೋಗ) ಬಲ್ಲ ವೈಣಿಕರೂ ನಿಜವಾಗಿ ಒಬ್ಬರ ಮಾತಿಗೊಬ್ಬರು ಕಿವಿಗೊಡುವುದು ಇಲ್ಲೇ. ‘ಚತುರ್ದಂಡಿಪ್ರಕಾಶಿಕೆ’ ಬರೆದ ವೆಂಕಟಮಖಿ ರಾಮಾಮಾತ್ಯನ ಮೇಲೆ ಎತ್ತಿದ ಕಟು ಆಕ್ಷೇಪಗಳನ್ನು ಓದಬೇಕಾದದ್ದೂ ಇದಾದ ಮೇಲೆಯೇ, ಬೆಳಿಗ್ಗೆ ಅಲ್ಲ.