ವಾಕಿಂಗ್ ಸಾಲಲಿಲ್ಲ, ಭಾರ ಎತ್ತಿದೆ: ಅರವತ್ತರ ಮೇಲೆ ತೊಡೆ ಕಟ್ಟಿದ ನನ್ನ ಅನುಭವ

ಅರವತ್ತು ದಾಟಿದ ಮೇಲೆ ಭಾರ ಎತ್ತಿ ಸಕ್ಕರೆ ಇಳಿಸಬಹುದು ಅಂದಾಗ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಜೊತೆಗೆ ನಡೆಯುವವರು ಯಾರೂ ನಂಬಲಿಲ್ಲ. ‘ಹರ್ನಿಯಾ ಬರುತ್ತೆ ಸಾರ್’ ಅಂದರು ಒಬ್ಬರು. ಭಾವ ಫೋನ್ ಮಾಡಿ, ‘ಇರೋ ಮಂಡೀನೂ ಹೋಗುತ್ತೆ ಕಣಯ್ಯಾ’ ಅಂದರು. ಎರಡು ವರ್ಷದ ಹತ್ತಿರ ಆಯಿತು. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆಯ ಲೆಕ್ಕ) ಏಳರ ಆಸುಪಾಸಿನಿಂದ 5.9ಕ್ಕೆ ಬಂದು ನಿಂತಿದೆ. ಡಾಕ್ಟರು ಮೆಟ್‌ಫಾರ್ಮಿನ್ (ಸಕ್ಕರೆಯ ಮಾತ್ರೆ) ಅರ್ಧ ಮಾಡಿದ್ದಾರೆ. ಸೊಂಟ 96 ಸೆಂ.ಮೀ. ಇದ್ದದ್ದು 88 ಆಗಿದೆ. ತೂಕ ಮಾತ್ರ ಭಾರ ಎತ್ತಲು ಶುರು ಮಾಡಿದಾಗ ಇದ್ದಷ್ಟೇ, 68 ಕೆಜಿ.

ಅದಕ್ಕೂ ಮೊದಲು ಎಲ್ಲರಂತೆ ನಾನೂ ನಡೆದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ, ರಾತ್ರಿ ಊಟ ಬಂದ್. ಏಳೆಂಟು ಕೆಜಿ ಇಳಿಯಿತು. ಸಕ್ಕರೆಯೂ ಇಳಿಯಿತು. ಎಲ್ಲರೂ ಭೇಷ್ ಅಂದರು. ಆದರೆ ಹೊಟ್ಟೆ ಹಾಗೇ ಇತ್ತು, ತೊಡೆ ಮಾತ್ರ ಒಣಗಿತು. ಮದುವೆ ಪಂಕ್ತಿಯಲ್ಲಿ ನೆಲಕ್ಕೆ ಕೂತರೆ ಕೈ ಊರದೆ ಏಳಲು ಆಗುತ್ತಿರಲಿಲ್ಲ. ಎಂಟು ತಿಂಗಳಾಗುವಷ್ಟರಲ್ಲಿ ಸಕ್ಕರೆ ಮತ್ತೆ ಮೇಲೇರಿತು. ಊಟದ ಸಕ್ಕರೆಯಲ್ಲಿ ದೊಡ್ಡ ಪಾಲು ಹೋಗಿ ಸೇರುವುದು ಮಾಂಸಖಂಡಕ್ಕೆ. ಗೋದಾಮನ್ನೇ ಚಿಕ್ಕದು ಮಾಡಿಕೊಂಡರೆ ಮೂಟೆ ಎಲ್ಲಿ ಇಡುವುದು?

ಆಮೇಲೆ ಜಿಮ್. ವರ್ಷಕ್ಕೆ ಹದಿನೈದು ಸಾವಿರ ಕಟ್ಟಿದೆ. ಅಲ್ಲಿನ ಹುಡುಗ ‘ಅಂಕಲ್, ನಿಮಗೆ ಇಷ್ಟು ಸಾಕು’ ಅಂತ ಹಗುರ ಮೆಷಿನ್ ಮೇಲೆ ಕೂರಿಸಿ ಇಪ್ಪತ್ತು, ಮೂವತ್ತು ರೆಪ್ಸ್ (ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್) ಮಾಡಿಸುತ್ತಿದ್ದ. ಭಾರ ಏರಿಸು ಅಂದರೆ ಹೆದರುತ್ತಿದ್ದ. ನಾಲ್ಕು ತಿಂಗಳಾದರೂ ಹಿಡಿತದ ಬಲ 26 ಕೆಜಿಯಲ್ಲೇ ಇತ್ತು. ಹಿಡಿತ ಅಳೆಯುವ ಮೀಟರನ್ನು ಸುಮಾರು ಎರಡು ಸಾವಿರಕ್ಕೆ ತರಿಸಿದ್ದೆ. ನಾನು ಖರ್ಚು ಮಾಡಿದ್ದರಲ್ಲಿ ಅತಿ ಉಪಯೋಗಕ್ಕೆ ಬಂದದ್ದು ಅದೇ. ಏಷ್ಯಾದವರಿಗೆ ಅಂತ 2019ರಲ್ಲಿ ಬಂದ ಮಾನದಂಡದಲ್ಲಿ ಗಂಡಸರಿಗೆ 28 ಕೆಜಿ, ಹೆಂಗಸರಿಗೆ 18 ಕೆಜಿಗಿಂತ ಕಡಿಮೆ ಇದ್ದರೆ ಬಲ ಕುಗ್ಗಿದೆ ಅಂತ ಲೆಕ್ಕ. ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡು ಹಿಡಿದರೆ ಅದೂ ಎಚ್ಚರಿಕೆ. ನನಗೆ ಆಗ ಹದಿನಾಲ್ಕು ಸೆಕೆಂಡು ಹಿಡಿಯುತ್ತಿತ್ತು.

ಜಿಮ್ ಬಿಟ್ಟು ಮಹಡಿಯ ಮೇಲೆ ಶುರು ಮಾಡಿದೆ. ಊರು ಬಿಡುತ್ತಿದ್ದ ಒಬ್ಬ ಹುಡುಗನಿಂದ ಹಳೆಯ ರಾಡು, ಪ್ಲೇಟು, ಡಂಬೆಲ್ ಎಲ್ಲಾ ಸೇರಿ ಒಂಬತ್ತು ಸಾವಿರ ಆಯಿತು. ವಾರಕ್ಕೆ ಮೂರು ದಿನ, ದಿನಕ್ಕೆ ಮುಕ್ಕಾಲು ಗಂಟೆ. ಸ್ಕ್ವಾಟ್ (ಕೂತು ಏಳುವುದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನಿಲ್ಲುವುದು), ರೋ (ಬಗ್ಗಿ ಭಾರ ಎಳೆಯುವುದು), ಪ್ರೆಸ್ (ತಲೆಯ ಮೇಲಕ್ಕೆ ಭಾರ ಎತ್ತುವುದು) ಅಷ್ಟೇ. ಐದರಿಂದ ಎಂಟು ರೆಪ್ಸ್. ಇನ್ನೆರಡು ಆಗಬಹುದು ಅನ್ನಿಸುವಾಗ ನಿಲ್ಲಿಸುತ್ತೇನೆ, ಅದಕ್ಕೆ ಮುಂಚೆ ಅಲ್ಲ.

ಮಂಡಿ ನೋವೇ ದೊಡ್ಡ ಅಡ್ಡಿ. ಅದಕ್ಕೆ ಮಣೆಗಳನ್ನು ಒಂದರ ಮೇಲೊಂದು ಪೇರಿಸಿ, ಅದರ ಮೇಲೆ ಕೂತು ಏಳುವುದರಿಂದ ಶುರು ಮಾಡಿದೆ. ನೋವಿಲ್ಲದೆ ಎರಡು ವಾರ ಕಳೆದರೆ ಒಂದು ಮಣೆ ತೆಗೆಯುವುದು. ಆರು ತಿಂಗಳಿಗೆ ಒಂದೇ ಮಣೆಗೆ ಬಂದೆ, ಅದೂ ಕೈಯಲ್ಲಿ 16 ಕೆಜಿ ಡಂಬೆಲ್ ಹಿಡಿದು. ಇಳಿಯುವಾಗ ನಿಧಾನ, ಏಳುವಾಗ ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ. ವಯಸ್ಸಾದಂತೆ ಮೊದಲು ಸವೆಯುವುದು ಮಾಂಸಖಂಡದಲ್ಲಿ ತಟ್ಟನೆ ಬಲ ಕೊಡುವ ವೇಗದ ನಾರುಗಳು. ಎಡವಿದಾಗ ಕಾಲು ಮುಂದಿಟ್ಟು ಬೀಳದಂತೆ ತಡೆಯುವುದು ಅವೇ ಅಲ್ವಾ? ಮಂಡಿ ತೀರಾ ಹಿಡಿದುಕೊಂಡ ದಿನ ಏನು ಮಾಡುತ್ತೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಎದುರಿಗೆ ನಿಂತು ತೋರಿಸದೆ ಹೇಳಿದರೆ ಕೆಡುತ್ತದೆ.

ಪ್ರೆಸ್‌ನಲ್ಲಿ ಒಮ್ಮೆಗೆ ಎರಡೂವರೆ ಕೆಜಿ ಏರಿಸಿದರೆ ಭುಜ ಒಪ್ಪಲಿಲ್ಲ. ಹಾರ್ಡ್‌ವೇರ್ ಅಂಗಡಿಯಿಂದ ದಪ್ಪ ಕಬ್ಬಿಣದ ವಾಷರ್ ತಂದು, ತೂಗಿ, ಅರ್ಧರ್ಧ ಕೆಜಿ ಗೊಂಚಲು ಮಾಡಿಕೊಂಡೆ. ನೂರೈವತ್ತು ರೂಪಾಯಿ ಕೆಲಸ. ನಮ್ಮ ವಯಸ್ಸಿನವರಿಗೆ ಇಷ್ಟು ಸಣ್ಣ ಏರಿಕೆಯೇ ಬೇಕು. ಭುಜದ ಬಿಗಿತಕ್ಕೆ ಪರಿಚಯದ ಗರಡಿಯ ಉಸ್ತಾದರು ಒಂದು ಸಣ್ಣ ಗದೆ ಕೊಟ್ಟರು. ತಲೆಯ ಹಿಂದಿನಿಂದ ಸುತ್ತಿಸಿ ತರುವುದು, ಒಂದೊಂದು ಕಡೆಗೆ ಹತ್ತು. ಫಿಸಿಯೋಗೆ ಸುರಿದ ಆರು ಸಾವಿರಕ್ಕಿಂತ ಅದೇ ಹೆಚ್ಚು ಕೆಲಸ ಮಾಡಿತು.

ಇನ್ನು ಊಟ. ನಮ್ಮದು ಸಸ್ಯಾಹಾರದ ಮನೆ. ಕೂತು ಲೆಕ್ಕ ಹಾಕಿದರೆ ದಿನಕ್ಕೆ ಪ್ರೋಟೀನ್ 45 ಗ್ರಾಂ ದಾಟುತ್ತಿರಲಿಲ್ಲ. ನನ್ನ ತೂಕಕ್ಕೆ 80 ಬೇಕು, ಅಂದರೆ ಕೆಜಿಗೆ 1.2 ಗ್ರಾಂನಂತೆ. ಎಲ್ಲಕ್ಕಿಂತ ಬಡವಾಗಿದ್ದದ್ದು ಬೆಳಗಿನ ತಿಂಡಿ. ಉಪ್ಪಿಟ್ಟು, ಅವಲಕ್ಕಿ ತಿಂದರೆ ಸಿಗುವುದು ಆರೇಳು ಗ್ರಾಂ. ಈಗ ಹೆಸರುಕಾಳಿನ ದೋಸೆ, ಜೊತೆಗೆ ದೊಡ್ಡ ಬಟ್ಟಲು ಗಟ್ಟಿ ಮೊಸರು, ಅಲ್ಲಿಗೇ 25 ಗ್ರಾಂ. ಮಧ್ಯಾಹ್ನ ಸೋಯಾ ಚಂಕ್ಸ್. ಒಣಗಿದ್ದು 50 ಗ್ರಾಂ ಹಾಕಿದರೆ 26 ಗ್ರಾಂ ಪ್ರೋಟೀನ್, ಖರ್ಚು ಹತ್ತು ರೂಪಾಯಿ ಚಿಲ್ಲರೆ. ವಾಸನೆ ಅಂತ ಬಿಡುವವರು ಬಿಸಿ ನೀರಲ್ಲಿ ನೆನೆಸಿ ಮೂರು ಸಲ ಹಿಂಡಲಿ, ಆಮೇಲೆ ಸಾಗು ಮಾಡಲಿ. ರಾತ್ರಿ ಪನೀರ್ ಇಲ್ಲವೇ ಹುರುಳಿಕಾಳು. ಕಟ್ಟಿನ ಸಾರು ಕುಡಿದು ಕಾಳು ಪಕ್ಕಕ್ಕಿಟ್ಟರೆ ಪ್ರಯೋಜನವಿಲ್ಲ, ಪ್ರೋಟೀನ್ ಇರುವುದು ಕಾಳಿನಲ್ಲಿ. ಮೊದಲು ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿಗೆ ಕೆಜಿಗೆ ಮೂರು ಸಾವಿರದಂತೆ ಎರಡು ಡಬ್ಬ ತಂದೆ, ಹೊಟ್ಟೆ ಉಬ್ಬರಿಸಿತು. ಈಗ ಮನೆಯದೇ ಹಿಟ್ಟು ಇದೆ: ಹುರಿಗಡಲೆ, ಸೋಯಾ, ಕಡಲೆಕಾಯಿ. ಅದರ ಪ್ರಮಾಣ ಹೇಳುವುದಿಲ್ಲ. ನನ್ನ ಹೆಂಡತಿ ಅದನ್ನು ಮಾರುವ ಯೋಚನೆಯಲ್ಲಿದ್ದಾಳೆ.

ಒಮ್ಮೆ ಐದು ಸಾವಿರ ಕೊಟ್ಟು ತೋಳಿಗೆ ಅಂಟಿಸುವ ಸಕ್ಕರೆ ಸೆನ್ಸರ್ ಹಾಕಿಸಿಕೊಂಡೆ. ಹದಿನಾಲ್ಕು ದಿನ ಬರುತ್ತದೆ. ಮನಸ್ಸಿಗೆ ಬಂದದ್ದನ್ನೆಲ್ಲಾ ತಿಂದು ನೋಡಿದೆ. ರಾಗಿ ಗಂಜಿ ಕುಡಿದರೆ 200ರ ಹತ್ತಿರ ಹೋಯಿತು. ಅದೇ ರಾಗಿ ಮುದ್ದೆಯಾಗಿ, ಕಾಳು ಸಾರಿನ ಜೊತೆ ಹೋದಾಗ 150 ದಾಟಲಿಲ್ಲ. ರಾಗಿ ಅಂದ ಕೂಡಲೇ ಸಕ್ಕರೆಗೆ ಒಳ್ಳೆಯದು ಅನ್ನುವವರು ಇದನ್ನು ಗಮನಿಸಬೇಕು. ನಾಲ್ಕು ಇಡ್ಲಿಗೆ ಸುಮ್ನೆ ಕೂತ ದಿನ 190, ಸ್ಕ್ವಾಟ್ ಮಾಡಿದ ಬೆಳಿಗ್ಗೆ 155. ಊಟವಾಗಿ ಹದಿನೈದು ನಿಮಿಷ ಓಡಾಡಿದರೆ ಇಪ್ಪತ್ತು, ಮೂವತ್ತು ಕಡಿಮೆ. ವಾಕಿಂಗ್ ಈಗ ಅದಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ.

ಮಾಂಸಖಂಡದ ಬಲಕ್ಕೆ ಕ್ರಿಯಾಟಿನ್ ಅನ್ನುವ ಪುಡಿ ದಿನಕ್ಕೆ 3 ಗ್ರಾಂ ತೆಗೆದುಕೊಳ್ಳುತ್ತೇನೆ, ತಿಂಗಳಿಗೆ ಮುನ್ನೂರು ರೂಪಾಯಿಯೊಳಗೆ. ಇದರಲ್ಲಿ ಒಂದು ಗಾಬರಿ ಆಯಿತು. ರಕ್ತ ಪರೀಕ್ಷೆಯಲ್ಲಿ ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ 1.0 ಇದ್ದದ್ದು 1.3 ಬಂತು. ಒಬ್ಬ ಡಾಕ್ಟರು ಕಿಡ್ನಿ ಹೋಗುತ್ತಿದೆ ಅಂದುಬಿಟ್ಟರು. ಮನೆಯಲ್ಲಿ ಒಂದು ವಾರ ಯಾರಿಗೂ ನಿದ್ದೆ ಇಲ್ಲ. ಕ್ರಿಯಾಟಿನ್ ತಿಂದರೆ ಕಿಡ್ನಿ ಚೆನ್ನಾಗಿದ್ದರೂ ಆ ಅಂಕಿ ಏರಬಹುದು. ಸಿಸ್ಟಾಟಿನ್ ಸಿ ಅಂತ ಇನ್ನೊಂದು ಪರೀಕ್ಷೆ ಇದೆ, ಅದು ಹಾಗೆ ಏರುವುದಿಲ್ಲ. ಸಾವಿರದ ಚಿಲ್ಲರೆ ಕೊಟ್ಟು ಮಾಡಿಸಿದೆ, ನಾರ್ಮಲ್ ಬಂತು. ಕಿಡ್ನಿ ತೊಂದರೆ ನಿಜವಾಗಿ ಇರುವವರು ಮಾತ್ರ ಕ್ರಿಯಾಟಿನ್ ಆಗಲಿ, ಪ್ರೋಟೀನ್ ಏರಿಸುವುದಾಗಲಿ ಡಾಕ್ಟರನ್ನು ಕೇಳದೆ ಮಾಡಬೇಡಿ. ಸಕ್ಕರೆಗೆ ಇನ್ಸುಲಿನ್ ತೆಗೆದುಕೊಳ್ಳುವವರೂ ಮೊದಲು ಕೇಳಿ, ವ್ಯಾಯಾಮದ ದಿನ ಸಕ್ಕರೆ ತಟ್ಟನೆ ಇಳಿಯಬಹುದು.

ಈಗ ಡೆಡ್‌ಲಿಫ್ಟ್ 70 ಕೆಜಿ, ಐದು ರೆಪ್ಸ್. ಹಿಡಿತ 36. ಕುರ್ಚಿ ಪರೀಕ್ಷೆ ಏಳು ಸೆಕೆಂಡು. 20 ಲೀಟರಿನ ನೀರಿನ ಕ್ಯಾನ್ ಎರಡನೇ ಮಹಡಿಗೆ ಒಯ್ಯುವುದು ನಾನೇ, ಮಗ ಅಲ್ಲ. ಹರ್ನಿಯಾ ಅಂದವರು ಈಗ ಭಾನುವಾರ ನಮ್ಮ ಮಹಡಿಗೆ ಬರುತ್ತಾರೆ, ತಮ್ಮದೇ ಮಣೆ ಹೊತ್ತುಕೊಂಡು.

ಹೆಂಡತಿಯೂ ನಾಲ್ಕು ತಿಂಗಳಿಂದ ಶುರು ಮಾಡಿದ್ದಾಳೆ. ‘ರೀ, ನಂಗೆ ತೋಳು ದಪ್ಪ ಆಗೋದು ಬೇಡ’ ಅಂತಿದ್ದವಳು ಈಗ 30 ಕೆಜಿ ಡೆಡ್‌ಲಿಫ್ಟ್ ಎತ್ತುತ್ತಾಳೆ. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಮೂಳೆಯೂ ಬೇಗ ಸವೆಯುತ್ತದೆ, ಭಾರದ ಕೆಲಸ ನನಗಿಂತ ಅವಳಿಗೇ ಹೆಚ್ಚು ಬೇಕು. ಶುರು ಮಾಡುವ ಮೊದಲೇ ಎರಡೂವರೆ ಸಾವಿರ ಕೊಟ್ಟು ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿಟ್ಟಿದ್ದೇವೆ. ಮೂಳೆಯಲ್ಲಿ ಬದಲಾವಣೆ ಕಾಣಲು ವರ್ಷವಾದರೂ ಬೇಕು. ಯುಗಾದಿ ಕಳೆದ ಮೇಲೆ ಮತ್ತೆ ಮಾಡಿಸಿ ಎರಡೂ ರಿಪೋರ್ಟನ್ನು ಪಕ್ಕಪಕ್ಕ ಇಟ್ಟು ಬರೆಯುತ್ತೇನೆ.