ಮನೆಗೆ ಕ್ಯಾಮೆರಾ ಹಾಕಿಸ್ತೀರಾ? ಮೊದಲು ಎದುರು ಮನೆ ಬಾಗಿಲು ನೋಡಿ

ಬಳ್ಳಾರಿಯಲ್ಲಿ ಸಿಸಿಟಿವಿ ಕೆಲಸ ಹಿಡಿದು ನನಗೆ ಹನ್ನೊಂದು ವರ್ಷ ಆಯ್ತು. ಕೌಲ್ ಬಜಾರಿನ ಜೀನ್ಸ್ ಯೂನಿಟ್ಟುಗಳಿಂದ ಹಿಡಿದು ಗಾಂಧಿನಗರದ ಮನೆಗಳವರೆಗೆ ಏಣಿ ಹತ್ತಿ ಇಳಿದಿದ್ದೇನೆ. ಮೊದಲ ವರ್ಷ ಮಾಡಿದ ಒಂದು ತಪ್ಪು ಮಾತ್ರ ಇವತ್ತಿಗೂ ಮರೆತಿಲ್ಲ.

ಇಕ್ಕಟ್ಟಾದ ಓಣಿ. ಒಂದು ಮನೆಯ ಗೇಟಿಗೆ ಬುಲೆಟ್ ಕ್ಯಾಮೆರಾ, ಅಂದರೆ ಉದ್ದ ಕೊಳವೆಯಂಥದ್ದು, ಹಾಕಿ ಬಂದಿದ್ದೆ. ವಾರ ಬಿಟ್ಟು ಲೆನ್ಸಿನ ಧೂಳು ಒರೆಸಲು ಹೋದಾಗ ಎದುರು ಮನೆಯ ಅಜ್ಜಿ ನನ್ನನ್ನು ರಸ್ತೆಯಲ್ಲೇ ನಿಲ್ಲಿಸಿದರು. "ಏನಪ್ಪಾ, ನಿನ್ ಕ್ಯಾಮೆರಾ ನಮ್ ಬಚ್ಚಲು ಬಾಗಿಲಿಗೇ ನೋಡ್ತೈತಲ್ಲ. ಬಿಸಿಲಿಗೆ ಕುಂತು ತಲೆ ಆರಿಸ್ಕೊಳ್ಳಂಗಿಲ್ಲ ನಾವು" ಅಂದರು. ಅವರ ಸೊಸೆ ಅಂಗಳಕ್ಕೆ ಅಡ್ಡವಾಗಿ ಹಗ್ಗ ಕಟ್ಟಿ ಹಳೇ ಸೀರೆ ಇಳಿಬಿಟ್ಟಿದ್ದರು. ಒಳಗೆ ಹೋಗಿ ಮಾನಿಟರ್ ನೋಡಿದೆ. ಅಜ್ಜಿ ಹೇಳಿದ್ದು ನಿಜ. ಗೇಟು ಪರದೆಯ ಕೆಳಗಿನ ಮೂಲೆಯಲ್ಲಿತ್ತು, ಉಳಿದದ್ದೆಲ್ಲ ಅವರ ಅಂಗಳ.

ತಪ್ಪು ಲೆನ್ಸಿನಲ್ಲೇ ಇತ್ತು. ಅಂಗಡಿಯಲ್ಲಿ ಏನೂ ಕೇಳದೆ ತಂದರೆ ಸಾಮಾನ್ಯವಾಗಿ 2.8 ಎಂಎಂ ಲೆನ್ಸ್ ಕೊಡುತ್ತಾರೆ. ಅದು ಅಗಲಕ್ಕೆ ನೋಡುವ ಕಣ್ಣು, ಹಾಲ್ ಅಥವಾ ಅಂಗಡಿ ಒಳಗೆ ಸರಿ. ಗೇಟಿಗೆ 4 ಅಥವಾ 6 ಎಂಎಂ ಕೇಳಿ. ನೋಟ ಕಿರಿದಾಗುತ್ತದೆ, ಬಂದವರ ಮುಖವೂ ಸ್ಪಷ್ಟ ಕಾಣುತ್ತದೆ. ಎಂಟೊಂಬತ್ತು ಅಡಿ ಎತ್ತರದಲ್ಲಿ ಕೂರಿಸಿ, ಮೂತಿ ಕೆಳಗೆ ಬಾಗಿಸಿ. ಟೆರೇಸ್ ಮೇಲಿಂದ ಇಡೀ ಓಣಿ ಕಾಣಲಿ ಅನ್ನುವವರ ಮಾತಿಗೆ ನಾನು ಈಗ ಒಪ್ಪುವುದಿಲ್ಲ. ಕಳ್ಳ ಬರುವುದು ನಿಮ್ಮ ಗೇಟಿಗೆ ಅಲ್ವಾ?

ಎಷ್ಟು ಬಾಗಿಸಿದರೂ ಎದುರು ಮನೆ ಕಾಣುತ್ತಿದ್ದರೆ 'ಪ್ರೈವಸಿ ಮಾಸ್ಕ್' ಹಾಕಿ. ಡಿವಿಆರ್, ಅಂದರೆ ವಿಡಿಯೋ ರೆಕಾರ್ಡ್ ಆಗುವ ಪೆಟ್ಟಿಗೆ, ಅದರ ಮೌಸಿನ ಬಲ ಬಟನ್ ಒತ್ತಿ ಮೆನುಗೆ ಹೋಗಿ. ಕ್ಯಾಮೆರಾ ವಿಭಾಗದಲ್ಲಿ ಅದೇ ಹೆಸರಿನಲ್ಲಿ ಇರುತ್ತದೆ. ಎದುರು ಮನೆಯ ಬಾಗಿಲು, ಕಿಟಕಿ, ಬಚ್ಚಲಿನ ಮೇಲೆ ಮೌಸಿನಿಂದ ಚೌಕ ಎಳೆದು ಅಪ್ಲೈ ಒತ್ತಿದರೆ ಆ ಜಾಗ ಕಪ್ಪಾಗುತ್ತದೆ. ಆಮೇಲೆ ಹತ್ತು ನಿಮಿಷದ ರೆಕಾರ್ಡಿಂಗ್ ತೆಗೆದು ಅದರಲ್ಲೂ ಕಪ್ಪಾಗಿದೆಯಾ ನೋಡಿ. ಇದನ್ನು ಬಿಡಬೇಡಿ. ಕ್ಯಾಮೆರಾದಲ್ಲಿ ಮೈಕ್ ಇದ್ದರೆ ಅದನ್ನೂ ಆಫ್ ಮಾಡಿ. ಗೇಟಿನ ಹತ್ತಿರ ನಿಂತು ಇಬ್ಬರು ಹೆಂಗಸರು ಕಷ್ಟಸುಖ ಮಾತಾಡಿದ್ದು ನಿಮ್ಮ ಹಾರ್ಡ್ ಡಿಸ್ಕಿಗೆ ಯಾಕೆ ಬೇಕು?

ಕೆಲವರು "ನಮ್ಮ ಮನೆ, ನಮ್ಮ ಕ್ಯಾಮೆರಾ" ಅಂತ ವಾದ ಮಾಡುತ್ತಾರೆ. ಕಲ್ಕತ್ತಾದಲ್ಲಿ ಒಂದೇ ಮನೆಯಲ್ಲಿದ್ದ ಅಣ್ಣತಮ್ಮಂದಿರ ನಡುವೆ ಇದೇ ಜಗಳ ಕೋರ್ಟಿಗೆ ಹೋಗಿತ್ತು. ಜೊತೆಗಿರುವವರ ಒಪ್ಪಿಗೆ ಇಲ್ಲದೆ ವಾಸದ ಜಾಗದೊಳಗೆ ಕ್ಯಾಮೆರಾ ಇಡುವಂತಿಲ್ಲ ಅಂತ 2025ರಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು, ಸುಪ್ರೀಂ ಕೋರ್ಟ್ ಅದಕ್ಕೆ ಕೈ ಹಾಕಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರಲ್ಲ, ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇದನ್ನು ನಾನು ಗಿರಾಕಿಗಳಿಗೆ ಹೆಮ್ಮೆಯಿಂದ ಹೇಳುತ್ತೇನೆ.

ಇನ್ನು ಮುಖ ಗುರುತಿಸುವ ವಿಷಯ. ಹೊಸ ರೆಕಾರ್ಡರುಗಳಲ್ಲಿ ಎರಡು ಆಯ್ಕೆ ಇರುತ್ತವೆ. 'ಫೇಸ್ ಡಿಟೆಕ್ಷನ್' ಅಂದರೆ ಅಲ್ಲೊಂದು ಮುಖ ಇದೆ ಅಂತ ಚೌಕ ಹಾಕುವುದು, ಅಷ್ಟೇ. 'ಫೇಸ್ ರೆಕಗ್ನಿಷನ್' ಬೇರೆ. ಅದು ಮುಖವನ್ನು ಅಂಕಿಗಳ ಸಾಲು ಮಾಡಿಕೊಂಡು, ಮೊದಲೇ ಹೆಸರಿನ ಸಮೇತ ತುಂಬಿಸಿಟ್ಟ ಮುಖಗಳ ಜೊತೆ ಹೋಲಿಸುತ್ತದೆ. ಇಷ್ಟು ಹೋಲಿಕೆ ಬಂದರೆ ಅದೇ ಮನುಷ್ಯ ಅಂತ ನಾವೇ ಒಂದು ಗೆರೆ ಹಾಕಿರುತ್ತೇವೆ. ಅದು ಊಹೆ, ಸಾಕ್ಷಿ ಅಲ್ಲ. ದಿಲ್ಲಿ ಪೊಲೀಸರು 80 ಪರ್ಸೆಂಟ್ ಹೋಲಿಕೆ ಬಂದರೆ ಹೊಂದಿದೆ ಅಂತ ಹಿಡಿಯುತ್ತಿದ್ದುದು 2022ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯಿಂದ ಗೊತ್ತಾಯಿತು. ಅಮೆರಿಕದ ಡೆಟ್ರಾಯಿಟ್ ಪೊಲೀಸರು 2020ರಲ್ಲಿ ರಾಬರ್ಟ್ ವಿಲಿಯಮ್ಸ್ ಅನ್ನುವವರನ್ನು ಇಂಥ ತಪ್ಪು ಹೋಲಿಕೆಯಿಂದಲೇ ಮನೆ ಮುಂದೆ, ಹೆಂಡತಿ ಮಕ್ಕಳ ಎದುರು ಬಂಧಿಸಿದರು. ಮನೆಗೆ ಇದು ಬೇಡವೇ ಬೇಡ. ಮೆನುವಿನಲ್ಲಿ ಆಫ್ ಮಾಡಿ, 'ಫೇಸ್ ಡೇಟಾಬೇಸ್' ತೆರೆದು ಒಳಗಿದ್ದ ಮುಖಗಳನ್ನೂ ಅಳಿಸಿ. ಸುಮ್ನೆ ಆಫ್ ಮಾಡಿದರೆ ಮುಖಗಳು ಅಲ್ಲೇ ಉಳಿಯುತ್ತವೆ.

ಯೂನಿಟ್ಟುಗಳಲ್ಲಿ ಹಾಜರಿಗೆ ಮುಖದ ಮಷೀನು ಕೇಳುತ್ತಾರೆ. ನಮ್ಮೂರ ಬಿಸಿಲು, ಧೂಳು ನಿಮಗೆ ಗೊತ್ತು. ಹೆಂಗಸರು ದುಪಟ್ಟಾ ಸುತ್ತಿಕೊಂಡು ಬರುತ್ತಾರೆ, ಮೈಯೆಲ್ಲ ಬೆವರು. ನಾನೇ ಕೂರಿಸಿದ ಒಂದು ಮಷೀನು ಬಾಗಿಲಿಗೆ ಎದುರಾಗಿತ್ತು. ಬೆಳಗಿನ ಬಿಸಿಲು ನಿಂತವರ ಬೆನ್ನ ಹಿಂದಿನಿಂದ ಬಂದು ಮುಖ ಕಪ್ಪಾಗಿ ಕಾಣುತ್ತಿತ್ತು. ಒಬ್ಬ ಅಕ್ಕ ನಾಲ್ಕು ಸಲ ನಿಂತರೂ ಮಷೀನು ಗುರುತು ಹಿಡಿಯಲಿಲ್ಲ. ಅರ್ಧ ದಿನದ ಕೂಲಿ ಮುರಿದರು. ಮಷೀನನ್ನು ಪಕ್ಕದ ಗೋಡೆಗೆ ತಿರುಗಿಸಿ ಕೊಟ್ಟೆ, ಕೂಲಿ ಮಾತ್ರ ವಾಪಸ್ ಬರಲಿಲ್ಲ. ಹಾಗಾಗಿ ಈಗ ನನ್ನ ಷರತ್ತು ಇಷ್ಟು: ಮಷೀನಿನ ಪಕ್ಕದಲ್ಲೇ ಒಂದು ಹಾಜರಿ ಪುಸ್ತಕ ಇರಬೇಕು, ಮುಖ ಕೊಡಲ್ಲ ಅನ್ನುವವರಿಗೆ ಕಾರ್ಡ್ ಕೊಡಬೇಕು, ಕೆಲಸ ಬಿಟ್ಟವರ ಮುಖವನ್ನು ಅವತ್ತೇ ಅಳಿಸಬೇಕು. ಪಾಸ್‌ವರ್ಡ್ ಹೋದರೆ ಬದಲಾಯಿಸಬಹುದು. ಮುಖ ಬದಲಾಯಿಸೋಕಾಗುತ್ತಾ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಮನೆ ಬಳಕೆಗೆ ವಿನಾಯಿತಿ ಇದೆ. ಯೂನಿಟ್ಟು, ಅಂಗಡಿಗೆ ಆ ವಿನಾಯಿತಿ ಇಲ್ಲ.

ಪೊಲೀಸರು ರೆಕಾರ್ಡಿಂಗ್ ಕೇಳಿದರೆ ಕೊಡಿ, ಆದರೆ ಬರಹದಲ್ಲಿ ಕೇಳಲು ವಿನಂತಿಸಿ. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಅಂತ ಕೇಳಿದಷ್ಟನ್ನೇ ಪೆನ್‌ಡ್ರೈವಿಗೆ ಹಾಕಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅದೇ ವಿಡಿಯೋ ಓಣಿಯ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಮನೆಗೆ 15 ದಿನದ ರೆಕಾರ್ಡಿಂಗ್ ಸಾಕು, ಹಳೆಯದು ತಾನೇ ಅಳಿಯುವಂತೆ ಸೆಟ್ ಮಾಡಿ.

ಕೊನೆಗೆ ಪಾಸ್‌ವರ್ಡ್. ಗುಜರಾತಿನ ರಾಜಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಕ್ಯಾಮೆರಾಕ್ಕೆ ಯಾರೋ ನುಗ್ಗಿ, ತಪಾಸಣೆಗೆ ಬಂದ ಹೆಣ್ಣುಮಕ್ಕಳ ವಿಡಿಯೋ ಟೆಲಿಗ್ರಾಂನಲ್ಲಿ ಮಾರಿದ್ದು 2025ರಲ್ಲಿ ಬಯಲಾಯಿತು. ಅಲ್ಲಿದ್ದ ಪಾಸ್‌ವರ್ಡ್ 'ಅಡ್ಮಿನ್123' ಅಂತ ಪತ್ರಿಕೆಗಳಲ್ಲಿ ಬಂತು. ಅದನ್ನು ಓದಿ ಅವತ್ತು ನನಗೆ ಊಟ ಸೇರಲಿಲ್ಲ. ಎಷ್ಟು ಮನೆಗಳಲ್ಲಿ ನಾನೇ ಇಂಥ ಪಾಸ್‌ವರ್ಡ್ ಬಿಟ್ಟು ಬಂದಿದ್ದೆ! ಒಂದೊಂದಾಗಿ ಫೋನ್ ಮಾಡಿ ಬದಲಾಯಿಸುವಂತೆ ಮಾಡಿದೆ. ನೀವೂ ಕೆಲಸದವನು ಏಣಿ ಮಡಚುವ ಮುಂಚೆ ಅವನ ಫೋನಿನ ಆ್ಯಪಿನಿಂದ ನಿಮ್ಮ ಕ್ಯಾಮೆರಾ ತೆಗೆಸಿ. ಹೊಸ ಪಾಸ್‌ವರ್ಡ್ ನೀವೇ ಒತ್ತಿ. ನೀವು ಒತ್ತುವಾಗ ಅವನು ಆ ಕಡೆ ತಿರುಗಿ ನಿಲ್ಲಲಿ. ನಾನು ಹಾಗೇ ನಿಲ್ಲುತ್ತೇನೆ.